ರಾಜಿಯಾಯಿತು, ಕೇಸು ಮುಗಿಯಿತೇ?

(ಎಸ್ಟೇಟು ಕುಟುಂಬಗಳ ಸಹವಾಸ ಕೂಟದಲ್ಲಿ ಮಾಡಿದ ಭಾಷಣ)



ಎಲೆ ತೂಕ ಹಾಕಿಸಿ, ಮನೆಗೆ ಹೋಗಿ ಕೈಕಾಲು ತೊಳೆದು, ಮಕ್ಕಳನ್ನು ಎತ್ತಿಕೊಂಡು ಇಷ್ಟು ಮಂದಿ ಬಂದಿದ್ದೀರಿ. ನಿಮ್ಮನ್ನು ಬಹಳ ಹೊತ್ತು ಕೂರಿಸುವುದಿಲ್ಲ. ನನಗೆ ಕೊಟ್ಟಿರುವ ವಿಷಯ ಹೀಗಿದೆ: ಗಂಡ ಹೆಂಡಿರ ಜಗಳ ಪೊಲೀಸ್ ಠಾಣೆಗೆ ಹೋಗಿ ಕೇಸಾದ ಮೇಲೆ ಇಬ್ಬರೂ ಮನಸಾರೆ ರಾಜಿಯಾದರೆ ಆ ಕೇಸು ಏನಾಗುತ್ತದೆ?

ನಮ್ಮ ಲೈನುಗಳಲ್ಲಿ, ವಯನಾಡಿನ ಪಾಡಿಗಳಲ್ಲಿ ಇದನ್ನು ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. "ರಾಜಿಯಾದ ಮೇಲೆ ಇನ್ನೇನು ಕೇಸು? ಅದು ಮುಗಿದೇ ಹೋಯಿತಲ್ಲ!" ಹಾಗಲ್ಲ. ರಾಜಿಯಿಂದ ಜಗಳ ಮುಗಿಯುತ್ತದೆ, ಕೇಸು ಮುಗಿಯುವುದಿಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಇಂದು ನೀವು ಬಂದದ್ದು ಸಾರ್ಥಕ.

ಒಂದು ಉದಾಹರಣೆ ಹೇಳುತ್ತೇನೆ. ಗೂಡಲೂರು ಕಡೆಯ ಎಸ್ಟೇಟಿನ ಹುಡುಗ, ಗುಂಡ್ಲುಪೇಟೆ ಕಡೆಯ ಹುಡುಗಿ ಎಂದಿಟ್ಟುಕೊಳ್ಳಿ. ಮದುವೆಯಾಗಿ ನಾಲ್ಕು ವರ್ಷ, ಒಂದು ಮಗು. ಹುಡುಗ ಕುಡಿಯುತ್ತಾನೆ, ಹೊಡೆಯುತ್ತಾನೆ. ಅವನ ತಾಯಿ, "ಒಡವೆ ಕಡಿಮೆ ತಂದಳು" ಎಂದು ದಿನವೂ ಚುಚ್ಚುತ್ತಾಳೆ. ಹುಡುಗಿ ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿ ಅಲ್ಲಿನ ಠಾಣೆಯಲ್ಲಿ ದೂರು ಕೊಡುತ್ತಾಳೆ. ಗಂಡ, ಅತ್ತೆ, ನಾದಿನಿ ಮೂವರ ಮೇಲೂ ಕೇಸಾಗುತ್ತದೆ. ಜಾಮೀನು ಸಿಗುತ್ತದೆ. ಆರು ತಿಂಗಳ ಮೇಲೆ ಎರಡೂ ಕಡೆಯ ಹಿರಿಯರು, ಸಭೆಯ ಅಯ್ಯನವರು ಕೂತು ಮಾತಾಡಿ ಕುಡಿತ ಬಿಡುವುದೆಂದೂ ಬೇರೆ ಮನೆ ಮಾಡುವುದೆಂದೂ ಗೊತ್ತು ಮಾಡುತ್ತಾರೆ. ಛಾಪಾ ಕಾಗದದ ಮೇಲೆ ಬರೆದು ಎಲ್ಲರೂ ರುಜು ಹಾಕುತ್ತಾರೆ. ಹುಡುಗಿ ಹಿಂದಕ್ಕೆ ಬರುತ್ತಾಳೆ. ಒಳ್ಳೆಯದೇ ಆಯಿತು.

ಆದರೆ ಅತ್ತ ಗುಂಡ್ಲುಪೇಟೆಯ ಕೋರ್ಟಿನಲ್ಲಿ ತಾರೀಖು ಬರುತ್ತಲೇ ಇರುತ್ತದೆ. ರಾಜಿ ಆಗಿದೆಯಲ್ಲ ಎಂದು ಹುಡುಗ ಹೋಗುವುದಿಲ್ಲ. ಒಂದು ಸಲ ಹೋಗೋಣವೆಂದರೂ ಬಂಡೀಪುರದ ಕಾಡಿನ ದಾರಿಯಲ್ಲಿ ರಾತ್ರಿ ವಾಹನಗಳಿಗೆ ತಡೆ. ಬೆಳಗಿನ ಬಸ್ಸು ತಪ್ಪಿದರೆ ಕೋರ್ಟಿನಲ್ಲಿ ಹೆಸರು ಕೂಗುವ ಹೊತ್ತು ತಪ್ಪಿದಂತೆಯೇ. ಎರಡು ಮೂರು ತಾರೀಖು ತಪ್ಪಿದ ಮೇಲೆ ವಾರಂಟು ಹೊರಡುತ್ತದೆ. ಒಂದು ಮುಂಜಾನೆ ಮಸ್ಟರಿನ ಹೊತ್ತಿಗೆ ಪೊಲೀಸರು ಬಂದು ಎಲ್ಲರ ಕಣ್ಣೆದುರು ಅವನನ್ನು ಕರೆದೊಯ್ಯುತ್ತಾರೆ. ಅವನಿಗೆ ಜಾಮೀನು ನಿಂತ ಗೆಳೆಯನಿಗೂ ನೋಟೀಸು ಬರುತ್ತದೆ. ಹೆಂಡತಿ ಠಾಣೆಯ ಬಾಗಿಲಲ್ಲಿ ನಿಂತು, "ಅಯ್ಯಾ, ದೂರು ಕೊಟ್ಟವಳು ನಾನೇ, ಬೇಡವೆಂದು ಹೇಳುವವಳೂ ನಾನೇ" ಎಂದು ಅತ್ತರೂ ಪೊಲೀಸರು ಬಿಡುವ ಹಾಗಿಲ್ಲ. ಅವರ ಕೈಯಲ್ಲಿರುವುದು ಕೋರ್ಟಿನ ಹುಕುಂ.

ಅದು ಏಕೆ ಹೀಗೆ? ಸಾಲದ ವ್ಯಾಜ್ಯ, ಜಾಗದ ವ್ಯಾಜ್ಯ ಇಬ್ಬರ ನಡುವಿನದು. ಹಾಕಿದವನೇ ಹಿಂದಕ್ಕೆ ತೆಗೆದುಕೊಳ್ಳಬಹುದು. ಕ್ರಿಮಿನಲ್ ಕೇಸು ಅಂಥದಲ್ಲ. ಹೆಂಗಸು ದೂರು ಕೊಟ್ಟ ಮೇಲೆ ಅದನ್ನು ನಡೆಸುವುದು ಸರಕಾರ. ಕಾಗದದ ಮೇಲೂ ಹಾಗೆಯೇ ಬರೆದಿರುತ್ತದೆ: ಒಂದು ಕಡೆ ರಾಜ್ಯ, ಇನ್ನೊಂದು ಕಡೆ ಆಪಾದಿತ. ಹೆಂಗಸು ಅದರಲ್ಲಿ ಮುಖ್ಯ ಸಾಕ್ಷಿ. ಸಾಕ್ಷಿ ಬೇಡವೆಂದ ಮಾತ್ರಕ್ಕೆ ಸರಕಾರದ ಕೇಸು ನಿಲ್ಲುವುದಿಲ್ಲ.

ಕೆಲವು ಸಣ್ಣ ಅಪರಾಧಗಳನ್ನು ನೊಂದವರು ಕೆಳಗಿನ ಕೋರ್ಟಿನಲ್ಲೇ ರಾಜಿ ಮಾಡಿಕೊಳ್ಳಲು ಕಾನೂನು ಬಿಟ್ಟಿದೆ. ಸಾದಾ ಹೊಡೆತ, ಬೈಗುಳ, ಬೆದರಿಕೆ ಇಂಥವು. ಆದರೆ ಗಂಡ ಅಥವಾ ಅವನ ಬಂಧುಗಳು ಹೆಂಡತಿಗೆ ಕೊಡುವ ಕ್ರೂರ ಹಿಂಸೆಯ ಕಲಮು ಆ ಪಟ್ಟಿಯಲ್ಲಿಲ್ಲ. ಇದೇ ನಿಮಗೆಲ್ಲ ಕಿವಿಗೆ ಬಿದ್ದಿರುವ 498ಎ. ವರದಕ್ಷಿಣೆಗಾಗಿ ಹೆಣ್ಣುಮಕ್ಕಳು ಬೆಂಕಿಗೆ ಬೀಳುತ್ತಿದ್ದ ಕಾಲದಲ್ಲಿ, 1983ರಲ್ಲಿ, ಅದನ್ನು ದಂಡ ಸಂಹಿತೆಗೆ ಸೇರಿಸಿದರು. ಶಿಕ್ಷೆ 3 ವರ್ಷದ ವರೆಗೆ ಸೆರೆವಾಸ ಮತ್ತು ಜುಲ್ಮಾನೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಈ ಅಪರಾಧ 85ನೆಯ ಕಲಮು. ಆ ತಾರೀಖಿಗಿಂತ ಹಿಂದೆ ನಡೆದ ಸಂಗತಿಗೆ 498ಎ ಎಂದೇ ಇರುತ್ತದೆ. ಅಂಕಿ ಬದಲಾಯಿತೇ ಹೊರತು ವಿಷಯ ಬದಲಾಗಲಿಲ್ಲ. ವರದಕ್ಷಿಣೆ ನಿಷೇಧ ಕಾನೂನು, ಅದು 1961ರದು, ಅದರ ಅಪರಾಧಗಳೂ ಹಾಗೆಯೇ, ರಾಜಿಗೆ ಒಳಪಡುವುದಿಲ್ಲ. ಆಂಧ್ರಪ್ರದೇಶದವರು ಮಾತ್ರ 2003ರಲ್ಲಿ ತಮ್ಮ ರಾಜ್ಯದ ಮಟ್ಟಿಗೆ ತಿದ್ದುಪಡಿ ಮಾಡಿ, ಕೋರ್ಟಿನ ಅನುಮತಿಯಿಂದ 498ಎ ಕೇಸಿನಲ್ಲಿ ರಾಜಿಯಾಗಬಹುದೆಂದರು. ಅದಕ್ಕೂ 3 ತಿಂಗಳು ಕಾಯಬೇಕೆಂಬ ಷರತ್ತು ಇಟ್ಟರು. ತಮಿಳುನಾಡು, ಕೇರಳ, ಕರ್ನಾಟಕದಲ್ಲಿ ಇರುವ ನಮಗೆ ಆ ದಾರಿ ಇರಲಿಲ್ಲ. ಇದೇ ಕಾರಣದಿಂದ ಲೋಕ ಅದಾಲತ್ತಿನಲ್ಲೂ ಈ ಕಲಮನ್ನು ಮುಗಿಸಲು ಬರುವುದಿಲ್ಲ.

ಹಾಗಾದರೆ ಜನ ಏನು ಮಾಡುತ್ತಾರೆ? ಯಾರೋ ತಿಳಿದವರೆಂಬವರು ಹೆಂಗಸಿಗೆ ಉಪಾಯ ಹೇಳಿಕೊಡುತ್ತಾರೆ. "ಸಾಕ್ಷಿಗೆ ಕರೆದಾಗ ಏನೂ ನಡೆದಿಲ್ಲ ಅಂದುಬಿಡು, ಪೊಲೀಸರೇ ಬರೆದುಕೊಂಡರು ಅನ್ನು." ಈ ಸಲಹೆಯನ್ನು ನಾನು ಖಂಡಿಸುತ್ತೇನೆ. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ, ಬೆನ್ನ ಮೇಲೆ ಏಟಿನ ಗುರುತು ಇಟ್ಟುಕೊಂಡು, ಯಾರೂ ಹೊಡೆಯಲಿಲ್ಲ ಎಂದು ಆ ತಾಯಿಯ ಬಾಯಲ್ಲಿ ಹೇಳಿಸುವುದು ಎಂಥ ರಾಜಿ? ಸುಳ್ಳು ಸಾಕ್ಷಿ ತಾನೇ ಒಂದು ಅಪರಾಧ. ನಾಳೆ ಅವನು ಮತ್ತೆ ಕೈ ಎತ್ತಿದರೆ, "ಹಿಂದೆಯೂ ಸುಳ್ಳು ದೂರು ಕೊಟ್ಟವಳಲ್ಲವೇ" ಎಂಬ ಮಾತು ಅವಳಿಗೇ ತಿರುಗುತ್ತದೆ. ಅಷ್ಟು ಕಷ್ಟಪಡಬೇಕಾದ ಅಗತ್ಯವೇ ಇಲ್ಲ. ನಡೆದದ್ದನ್ನು ನಡೆಯಿತು ಎಂದೇ ಒಪ್ಪಿಕೊಂಡು ಕೇಸನ್ನು ಮುಗಿಸುವ ನೇರವಾದ ದಾರಿ ಇದೆ.

ಆ ದಾರಿ ಹೈಕೋರ್ಟಿನದು. ಕೋರ್ಟಿನ ನಡವಳಿಯ ದುರುಪಯೋಗ ತಡೆಯಲು ಮತ್ತು ನ್ಯಾಯದ ಉದ್ದೇಶ ಈಡೇರಿಸಲು ಬೇಕಾದ ಆಜ್ಞೆ ಮಾಡುವ ಅಧಿಕಾರ ಹೈಕೋರ್ಟಿಗೆ ಮೊದಲಿನಿಂದ ಇದೆ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದು 482ನೆಯ ಕಲಮು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 528. ಇದನ್ನು ಬಳಸಿ ಹೈಕೋರ್ಟು ಕೇಸನ್ನೇ ರದ್ದು ಮಾಡಬಹುದು.

ಇದು ಸುಲಭವಾಗಿ ಬಂದದ್ದಲ್ಲ. ಹರಿಯಾಣದಲ್ಲಿ ಒಬ್ಬ ಹೆಂಗಸು ಗಂಡನ ಮನೆಯವರ ಮೇಲೆ ದೂರು ಕೊಟ್ಟಿದ್ದಳು. ಆಮೇಲೆ ಎರಡೂ ಕಡೆ ಒಪ್ಪಿ ಬೇರೆಯಾಗಲು ತೀರ್ಮಾನಿಸಿದರು. ಕೇಸು ಬೇಡವೆಂದು ಅವಳೇ ಪ್ರಮಾಣಪತ್ರ ಕೊಟ್ಟಳು. ಆದರೂ ಅಲ್ಲಿನ ಹೈಕೋರ್ಟು, ಇದು ರಾಜಿಗೆ ಒಳಪಡುವ ಅಪರಾಧವಲ್ಲ, ನಮ್ಮ ಕೈಲಾಗದು ಎಂದಿತು. ಅವರು ದೆಹಲಿಯ ಸುಪ್ರೀಂ ಕೋರ್ಟಿಗೆ ಹೋದರು. ಅದೇ 2003ರ ಬಿ. ಎಸ್. ಜೋಷಿ ಪ್ರಕರಣ. ಹೆಂಗಸಿನ ರಕ್ಷಣೆಗೆಂದು ಮಾಡಿದ ಕಾನೂನನ್ನು ಅಕ್ಷರ ಹಿಡಿದು ಎಳೆದರೆ ಅದು ಹೆಂಗಸಿಗೇ ಮುಳ್ಳಾಗುತ್ತದೆ, ಒಪ್ಪಂದವಾದ ಮೇಲೂ ಆಕೆ ಬದುಕು ಕಟ್ಟಿಕೊಳ್ಳದಂತೆ ಮಾಡುತ್ತದೆ ಎಂಬುದು ಸುಪ್ರೀಂ ಕೋರ್ಟಿನ ತರ್ಕ. ಮುಂದೆ ಕೆಲವು ನ್ಯಾಯಮೂರ್ತಿಗಳಿಗೆ ಇದು ಸರಿಯೇ ಎಂಬ ಸಂಶಯ ಬಂದು ವಿಷಯ ಮೂವರ ಪೀಠಕ್ಕೆ ಹೋಯಿತು. 2012ರ ಗಿಯಾನ್ ಸಿಂಗ್ ಪ್ರಕರಣದಲ್ಲಿ ಆ ಪೀಠ ಖಚಿತಪಡಿಸಿತು: ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳುವುದು ಬೇರೆ, ಹೈಕೋರ್ಟು ತನ್ನ ಅಧಿಕಾರದಿಂದ ರದ್ದು ಮಾಡುವುದು ಬೇರೆ. ಮದುವೆ, ವರದಕ್ಷಿಣೆ, ಕುಟುಂಬದ ಜಗಳದಿಂದ ಹುಟ್ಟಿದ ಕೇಸುಗಳಲ್ಲಿ ಇಬ್ಬರೂ ನಿಜವಾಗಿ ಒಪ್ಪಿದ್ದರೆ ರದ್ದು ಮಾಡಬಹುದು. ಕೊಲೆ, ಬಲಾತ್ಕಾರ, ದರೋಡೆಯಂಥ ಘೋರ ಅಪರಾಧಗಳಲ್ಲಿ ಆಗದು.

ಈ ಕಡೆಯ ಮಾತನ್ನು ನಮ್ಮ ಹಿರಿಯರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹೆಣ್ಣುಮಗಳು ಸತ್ತು ವರದಕ್ಷಿಣೆ ಸಾವಿನ ಕೇಸಾಗಿದ್ದರೆ, ತಂದೆತಾಯಿಗೆ ಹಣ ಕೊಟ್ಟು ಬಾಯಿ ಮುಚ್ಚಿಸುವ ಮಾತೇ ಬೇಡ. ಮಕ್ಕಳ ಮೇಲೆ ನಡೆದ ಲೈಂಗಿಕ ಅಪರಾಧದ ಕೇಸು ರಾಜಿಯಾಯಿತೆಂದು ರದ್ದಾಗುವಂಥದಲ್ಲವೆಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ಅಂಥದಕ್ಕೆ ಪಂಚಾಯಿತಿ ಕೂರಬೇಡಿ.

ಇನ್ನು ಯಾವ ಹೈಕೋರ್ಟು? ಗಡಿಯಲ್ಲಿರುವ ನಮಗೆ ಇದೇ ಮೊದಲ ತೊಡಕು. ನಾವು ಎಲ್ಲಿ ಕೆಲಸ ಮಾಡುತ್ತೇವೆ ಎಂಬುದು ಲೆಕ್ಕಕ್ಕಿಲ್ಲ. ಕೇಸು ಎಲ್ಲಿ ದಾಖಲಾಗಿದೆ ಎಂಬುದೇ ಲೆಕ್ಕ. ನೀಲಗಿರಿಯದೋ, ತಾಳವಾಡಿಯದೋ, ಹೊಸೂರಿನದೋ ಆದರೆ ಚೆನ್ನೈ, ವಯನಾಡು, ಕಾಸರಗೋಡಿನದಾದರೆ ಎರ್ನಾಕುಳಂ, ಗುಂಡ್ಲುಪೇಟೆಯದಾದರೆ ಬೆಂಗಳೂರು. ಗಂಡನ ಮನೆಯಿಂದ ಹೊರದಬ್ಬಿಸಿಕೊಂಡ ಹೆಂಗಸು ತಾನು ಆಶ್ರಯ ಪಡೆದ ತವರೂರಿನಲ್ಲೇ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ಪ್ರಕರಣದಲ್ಲಿ ತೀರ್ಪಾಗಿದೆ. ಆದುದರಿಂದ ಎಸ್ಟೇಟು ಒಂದು ರಾಜ್ಯದಲ್ಲಿ, ಕೇಸು ಇನ್ನೊಂದು ರಾಜ್ಯದಲ್ಲಿ ಇರುವುದು ನಮ್ಮಲ್ಲಿ ಹೊಸದೇನಲ್ಲ.

ಎರಡನೆಯ ತೊಡಕು ಭಾಷೆ. ರಾಜಿ ಪತ್ರ ತಮಿಳಿನಲ್ಲೋ ಮಲಯಾಳದಲ್ಲೋ ಇರುತ್ತದೆ, ಹೈಕೋರ್ಟಿನ ಪ್ರಮಾಣಪತ್ರ ಇಂಗ್ಲಿಷಿನಲ್ಲಿ. ನಮ್ಮ ಹೆಣ್ಣುಮಗಳಿಗೆ ಓದಲು ಬಂದರೆ ಕನ್ನಡ, ಅದೂ ಕೆಲವರಿಗೆ. ವಕೀಲರ ಗುಮಾಸ್ತ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬಂದವರನ್ನು ನಾನು ಬಲ್ಲೆ. ಅಮ್ಮಾ, ಹಾಗೆ ಮಾಡಬೇಡಿ. ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿಸಿರಿ. ಓದಿ ಹೇಳಿ ತಿಳಿಸಲಾಯಿತು ಎಂಬ ಮಾತನ್ನು ಕಾಗದದಲ್ಲೇ ಬರೆಸಿರಿ. ಓದಿ ಹೇಳುವವರು ಗಂಡನ ಕಡೆಯವರಾಗದಿರಲಿ. ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ.

ಅರ್ಜಿ ಹಾಕುವವರು ಸಾಮಾನ್ಯವಾಗಿ ಆಪಾದಿತರು, ಅಂದರೆ ಗಂಡ, ಅತ್ತೆ, ನಾದಿನಿ. ಯಾರ ಯಾರ ಹೆಸರು ಕೇಸಿನಲ್ಲಿದೆಯೋ ಅವರೆಲ್ಲರೂ ಸೇರಬೇಕು. ಗಂಡನೊಬ್ಬನೇ ಅರ್ಜಿ ಹಾಕಿದರೆ ಮುದುಕಿ ಅತ್ತೆಯ ಮೇಲೆ ಕೇಸು ಉಳಿದುಕೊಳ್ಳುತ್ತದೆ. ಎಫ್.ಐ.ಆರ್. ಪ್ರತಿ, ದೋಷಾರೋಪಪಟ್ಟಿ ಆಗಿದ್ದರೆ ಅದರ ಪ್ರತಿ, ರಾಜಿ ಪತ್ರ, ಹೆಂಗಸಿನ ಪ್ರಮಾಣಪತ್ರ, ಗುರುತಿನ ಚೀಟಿ ಇವು ಬೇಕು. ಸರಕಾರದ ವಕೀಲರಿಗೆ ನೋಟೀಸು ಹೋಗುತ್ತದೆ. ರಾಜಿ ನಿಜವೇ, ಬಲವಂತವೇ ಎಂದು ಪೊಲೀಸರ ಮೂಲಕ ವಿಚಾರಿಸುವುದುಂಟು. ಹೆಂಗಸನ್ನು ಎದುರಿಗೆ ಕರೆಸಿ ಕೇಳುವುದೂ ಉಂಟು. ಆಗ ಹೆದರಬೇಡಿ. ಅಲ್ಲಿ ನಿಮ್ಮನ್ನು ಕೇಳುವುದು ಒಂದೇ: ಇದು ನಿನ್ನ ಸ್ವಂತ ಇಷ್ಟವೇ? ಕನ್ನಡ ಬಿಟ್ಟರೆ ಬೇರೆ ಬಾರದು ಎಂದರೆ ತಿಳಿಸಿ ಹೇಳಿಸುತ್ತಾರೆ. ಇಷ್ಟವಿಲ್ಲದಿದ್ದರೆ ಇಲ್ಲ ಎನ್ನಲು ಅದೇ ಜಾಗ.

ಏಕೆ ಈ ಮಾತನ್ನು ಒತ್ತಿ ಹೇಳುತ್ತೇನೆಂದರೆ, ನಮ್ಮಲ್ಲಿ ರಾಜಿ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ರಾಜಿಯಲ್ಲ. ಹಿರಿಯರು ಎಂಟು ಮಂದಿ ಗಂಡಸರು ಬೆಂಚಿನ ಮೇಲೆ, ಹುಡುಗಿ ಒಬ್ಬಳು ಬಾಗಿಲ ಬಳಿ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಆಕ್ಷೇಪಿಸಿದ್ದಾನಲ್ಲ, ನೀನೇಕೆ ಠಾಣೆಗೆ ಹೋದೆ ಎಂದು ಅವಳನ್ನು ಕೇಳುತ್ತಾರೆ. ಆ ಪತ್ರದ ಆ ಭಾಗವನ್ನು ಪೂರ್ತಿ ಓದಿ ನೋಡಿ. ಪೌಲನು ಅಲ್ಲಿ ಅನ್ಯಾಯ ಮಾಡುವವರನ್ನೂ ಮೋಸ ಮಾಡುವವರನ್ನೂ ಗದರಿಸುತ್ತಾನೆ; ಹೊಡೆತ ತಿಂದವಳ ಬಾಯಿ ಕಟ್ಟಲು ಅದನ್ನು ಬರೆದದ್ದಲ್ಲ. ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ, ಅವಳ ತಾಯಿಯೋ ಚಿಕ್ಕಮ್ಮನೋ ಬಳಿಯಲ್ಲಿದ್ದು, ನಿನಗೇನು ಬೇಕು ಎಂದು ಕೇಳಿದ್ದೇವೆಯೇ? ಕೇಳದಿದ್ದರೆ ಆ ಛಾಪಾ ಕಾಗದಕ್ಕೆ ಬೆಲೆಯಿಲ್ಲ.

ಕೋರ್ಟುಗಳಿಗೆ ಸೇರಿದ ಮಧ್ಯಸ್ಥಿಕೆ ಕೇಂದ್ರಗಳು ಈಗ ಇವೆ. ಒಪ್ಪಂದದ ಸೂಚನೆ ಕಂಡರೆ 498ಎ ಕೇಸುಗಳನ್ನೂ ಅಲ್ಲಿಗೆ ಕಳಿಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಲೈನಿನ ಪಂಚಾಯಿತಿಗಿಂತ ಅಲ್ಲಿ ಹೆಂಗಸಿನ ಮಾತಿಗೆ ಹೆಚ್ಚು ಜಾಗ ಸಿಗುತ್ತದೆಂಬುದು ನನ್ನ ಅಭಿಪ್ರಾಯ.

ಒಂದಾಗಿ ಬಾಳಲು ರಾಜಿಯಾದವರಿಗೆ ನನ್ನದೊಂದು ಸಲಹೆ. ಹಿಂದಕ್ಕೆ ಬಂದ ಮರುವಾರವೇ ಹೈಕೋರ್ಟಿಗೆ ಓಡಬೇಡಿ. ಕೆಲವು ತಿಂಗಳು ಬಾಳಿ ನೋಡಿ. ಕುಡಿತ ನಿಂತಿತೇ, ಸಂಬಳದ ಹಣ ಮನೆಗೆ ಬರುತ್ತಿದೆಯೇ, ಕೈ ಎತ್ತುವುದು ನಿಂತಿತೇ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಒಮ್ಮೆ ರದ್ದಾದ ಕೇಸು ಮತ್ತೆ ಎದ್ದು ಬರುವುದಿಲ್ಲ. ಹೊಸದಾಗಿ ಹೊಡೆದರೆ ಹೊಸ ದೂರು ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಹಳೆಯದು ಮಾತ್ರ ಹೋದ ಹಾಗೆಯೇ. ಅಲ್ಲಿಯ ವರೆಗೆ ಗಂಡ ಪ್ರತಿ ತಾರೀಖಿಗೂ ಹೋಗಲೇಬೇಕು. ಹೋಗಲಾಗದ ದಿನ ವಕೀಲರ ಮೂಲಕ ಮೊದಲೇ ಗೈರುಹಾಜರಿಯ ಅರ್ಜಿ ಕೊಡಿಸಬೇಕು. ಹೋಗಿ ಬರುವ ದಿನದ ಹಾಜರಿ ಕೂಲಿ ತಪ್ಪುತ್ತದೆ, ನಿಜ. ವಾರಂಟಾದರೆ ತಪ್ಪುವುದು ಒಂದು ದಿನದ ಕೂಲಿಯಲ್ಲ.

ಬೇರೆಯಾಗಲು ರಾಜಿಯಾದವರ ಮಾತು ಬೇರೆ. ಅಲ್ಲಿ ಹಣದ ಪ್ರಶ್ನೆ ಬರುತ್ತದೆ. ಕೊಡುವ ಮೊತ್ತ ಬ್ಯಾಂಕಿನ ಮೂಲಕವೇ ಬರಲಿ; ಕೈಗೆ ಕೊಟ್ಟೆ, ಕೊಡಲಿಲ್ಲ ಎಂಬ ಜಗಳ ಆಮೇಲೆ ಬೇಡ. ಕಂತಿನಲ್ಲಿ ಕೊಡುವುದಾದರೆ ಕೊನೆಯ ಕಂತು ಕೇಸು ರದ್ದಾಗುವ ದಿನಕ್ಕೆ ಇರಲಿ. ಮೊದಲೇ ಪ್ರಮಾಣಪತ್ರಕ್ಕೆ ರುಜು ಹಾಕಿ, ಮಿಕ್ಕ ಹಣಕ್ಕಾಗಿ ವರ್ಷಗಟ್ಟಲೆ ಬಾಗಿಲು ತಟ್ಟುವ ಹೆಂಗಸರಿದ್ದಾರೆ. ಹಾಗೆಯೇ, ಎಲ್ಲ ಹಣ ತೆಗೆದುಕೊಂಡು ಆಮೇಲೆ ಕೇಸು ಬಿಡುವುದಿಲ್ಲ ಎನ್ನುವುದೂ ನ್ಯಾಯವಲ್ಲ; ಅಂಥ ಸಂದರ್ಭದಲ್ಲಿ ಸುಪ್ರೀಂ ಕೋರ್ಟು 2004ರಷ್ಟು ಹಿಂದೆಯೇ ಹೆಂಡತಿಯ ವಿರೋಧವಿದ್ದರೂ ಕೇಸು ರದ್ದು ಮಾಡಿದ್ದುಂಟು. ಒಡವೆ, ಪಾತ್ರೆ, ಹೊಲಿಗೆ ಯಂತ್ರ, ಏನೇನು ಹಿಂದಕ್ಕೆ ಬರಬೇಕೋ ಪಟ್ಟಿ ಮಾಡಿಸಿರಿ.

ಮಗುವಿನ ಜೀವನಾಂಶ ಮಾತ್ರ ತಾಯಿ ಬಿಟ್ಟುಕೊಡುವ ಆಸ್ತಿಯಲ್ಲ. ಅದು ಮಗುವಿನ ಹಕ್ಕು. "ಇನ್ನು ಮುಂದೆ ಮಗುವಿಗೂ ಏನೂ ಕೇಳುವುದಿಲ್ಲ" ಎಂದು ಬರೆಸಿಕೊಂಡರೂ ಆ ಹಕ್ಕು ಅಳಿಯುವುದಿಲ್ಲ. ಆದರೂ ಬರೆಸಿಕೊಳ್ಳುತ್ತಾರೆ, ಅಂಥ ಸಾಲು ಕಂಡರೆ ಹೊಡೆದು ಹಾಕಿಸಿ.

ಇನ್ನೊಂದು ವಿಷಯ. ಕ್ರಿಮಿನಲ್ ಕೇಸು ರದ್ದಾದರೆ ಮದುವೆ ರದ್ದಾಗುವುದಿಲ್ಲ. ಸಭೆಯ ಕಡೆಯಿಂದ ಸಿಗುವ ಕಾಗದದಿಂದಲೂ ಕಾನೂನಿನ ವಿವಾಹ ಮುಗಿಯುವುದಿಲ್ಲವೆಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಕ್ರೈಸ್ತರ ವಿಚ್ಛೇದನ ಕಾನೂನು 1869ರದು. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ದಾರಿ ಅದರಲ್ಲಿ ಸೇರಿದ್ದು 2001ರಲ್ಲಿ, 10ಎ ಕಲಮಿನಿಂದ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಜೀವನಾಂಶದ ಅರ್ಜಿ, ಗೃಹಹಿಂಸೆಯ ಅರ್ಜಿ, ಗಂಡ ತಿರುಗಿ ಹಾಕಿದ ಕೇಸು ಇವೆಲ್ಲವನ್ನೂ ನಂಬರು ಸಹಿತ ರಾಜಿ ಪತ್ರದಲ್ಲಿ ಬರೆದು, ಯಾವುದನ್ನು ಯಾರು ಯಾವ ಕೋರ್ಟಿನಲ್ಲಿ ಹಿಂದಕ್ಕೆ ಪಡೆಯಬೇಕೆಂದು ಗೊತ್ತು ಮಾಡಬೇಕು. ಒಂದು ಮರೆತರೂ ಅದು ಎಲ್ಲೋ ನಡೆಯುತ್ತಲೇ ಇರುತ್ತದೆ.

"ಚೆನ್ನೈಗೆ ಹೋಗಲು, ವಕೀಲರಿಡಲು ನಮ್ಮ ಹತ್ತಿರ ಏನಿದೆ?" ಎಂದು ಅಲ್ಲಿ ಕೂತವರೊಬ್ಬರು ಕೇಳುತ್ತಿದ್ದಾರೆ. ಸರಿಯಾದ ಪ್ರಶ್ನೆ. ಕಾನೂನು ಸೇವೆಗಳ ಕಾನೂನು 1987ರದು. ಅದರಂತೆ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಹಾಗೆಯೇ. ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕ ಎಂಬ ಹೆಸರೂ ಇದೆ. ಎಸ್ಟೇಟಿನ ಗುರುತಿನ ಚೀಟಿ, ಸಂಬಳದ ಚೀಟಿ ಲಗತ್ತಿಸಿ ಗಂಡಸರೂ ಕೇಳಿರಿ. ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಹೈಕೋರ್ಟಿಗೂ ಅದರದೇ ಸಮಿತಿ ಇದೆ. ಜಿಲ್ಲೆಯಲ್ಲಿ ಕೊಟ್ಟ ಅರ್ಜಿಯನ್ನು ಅಲ್ಲಿಗೆ ಕಳಿಸಿಕೊಡುತ್ತಾರೆ. ದೇಶಕ್ಕೆಲ್ಲ ಒಂದೇ ದೂರವಾಣಿ ಸಂಖ್ಯೆ 15100. ಗಂಡನ ವಕೀಲರೇ ಹೆಂಡತಿಗೂ ಕಾಗದ ಬರೆದುಕೊಡುತ್ತಾರೆ ಎಂದರೆ ಒಪ್ಪಬೇಡಿ. ಅವಳಿಗೆ ಅವಳದೇ ವಕೀಲರು ಬೇಕು.

ಹೈಕೋರ್ಟಿನ ಆಜ್ಞೆ ಬಂದ ದಿನವೂ ಕೆಲಸ ಮುಗಿಯುವುದಿಲ್ಲ. ಅದರ ದೃಢೀಕೃತ ಪ್ರತಿ ತೆಗೆಸಿ, ಕೇಸು ನಡೆಯುತ್ತಿದ್ದ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಒಂದು, ಠಾಣೆಗೆ ಒಂದು ಕೊಡಬೇಕು. ಹಿಂದೆ ಹೊರಟ ವಾರಂಟು ಇದ್ದರೆ ಅದನ್ನು ಹಿಂತೆಗೆಸಬೇಕು. ಜಾಮೀನು ನಿಂತ ಗೆಳೆಯನನ್ನು ಆ ಹೊಣೆಯಿಂದ ಬಿಡಿಸಿ, ಅವನು ಕೋರ್ಟಿಗೆ ಕೊಟ್ಟ ಕಾಗದಪತ್ರ ಅವನ ಕೈಗೆ ಹಿಂದಕ್ಕೆ ಬರುವಂತೆ ನೋಡಿಕೊಳ್ಳಬೇಕು. ಒಂದು ಪ್ರತಿ ಗಂಡನ ಮನೆಯಲ್ಲಿ, ಒಂದು ಪ್ರತಿ ಹೆಂಡತಿಯ ಕೈಯಲ್ಲಿರಲಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಕೇಸು ನಿಂತಿದ್ದರೆ, ಕೂಟ ಮುಗಿದ ಮೇಲೆ ಕಾಗದಗಳನ್ನು ತೆಗೆದುಕೊಂಡು ಬನ್ನಿ. ದೀಪ ಇರುವ ತನಕ ನಾನು ಇಲ್ಲೇ ಕೂತಿರುತ್ತೇನೆ.